ಊಟದ ಮೇಜಿನ ಮೇಲೆ ಜಂಬೂ ಸವಾರಿ

ಜಯನಗರ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನ ಹಿಂಬದಿಯಲ್ಲಿ ಬಾಳೆಎಲೆ ಮಾರುವವರೊಬ್ಬರಿದ್ದಾರೆ. ಅವರು ಎಲೆಯ ಕಟ್ಟಿನ ನಾರು ಬಿಚ್ಚಿದ ಕೂಡಲೇ ಒಂದು ವಾಸನೆ ಏಳುತ್ತದೆ. ಹಸಿಯಾದ, ತಣ್ಣಗಿನ, ತುಸು ಒಗರಾದ ವಾಸನೆ. ಈ ಸಲದ ವಿಜಯದಶಮಿಯ ಬೆಳಿಗ್ಗೆ ನಾನು ಮತ್ತೆ ಅವರ ಮುಂದೆ ನಿಂತಿದ್ದೆ. ಹಿಂದಿನ ಸಂಜೆ ಕೊಂಡಿದ್ದ ಎಲೆಗಳಲ್ಲಿ ಒಂದೆರಡರ ತುದಿ ಹರಿದಿತ್ತು. ನಮ್ಮ ಮನೆಯಲ್ಲಿ ಅದು ನಡೆಯುವುದಿಲ್ಲ. ಎಲೆಯವರು ಗೋಣಿತಾಟಿನ ಮೇಲೆ ನೀರು ಚಿಮುಕಿಸಿ, ಮುಖ ಎತ್ತದೆ ಕೇಳಿದರು: "ಟೇಬಲ್‌ಗಾ ಮೇಡಂ, ನೆಲಕ್ಕಾ?"

ಟೇಬಲ್‌ಗಾದರೆ ಅವರು ಚಿಕ್ಕ ಕುಡಿ ಎಲೆ ಆರಿಸಿ ಕೊಡುತ್ತಾರೆ, ನೆಲಕ್ಕಾದರೆ ಅಗಲವಾದದ್ದು. ಈಗ ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಆದರೆ ಆ ವಾಸನೆಯ ಜೊತೆಗೇ ಆ ಪ್ರಶ್ನೆ ಕಿವಿಗೆ ಬಿದ್ದಾಗ, ನನಗೆ ಬೇರೊಂದು ನವರಾತ್ರಿ ಇಡಿಯಾಗಿ ನೆನಪಾಯಿತು.

ಅದು ನಮ್ಮ ಅತ್ತೆ ಬಿದ್ದ ವರ್ಷ. ಮನೆಯಲ್ಲಿ ಇವತ್ತಿಗೂ ಆ ವರ್ಷವನ್ನು ಹಾಗೇ ಕರೆಯುತ್ತೇವೆ. ಆಷಾಢದ ಗಾಳಿಗೆ ಬಾಲ್ಕನಿಯಲ್ಲಿ ಒಣಗಲು ಹಾಕಿದ್ದ ಸೀರೆ ಹಾರಿತು, ಹಿಡಿಯಲು ಹೋದ ಅತ್ತೆ ಜಾರಿದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವ ದಿನ ಡಾಕ್ಟರು ಬಹಳ ಸಲೀಸಾಗಿ ಹೇಳಿದರು, ಎಲ್ಲ ಸರಿ ಹೋಗತ್ತೆ, ಆದರೆ ಇನ್ನು ಮುಂದೆ ನೆಲದ ಮೇಲೆ ಕೂರೋ ಹಾಗಿಲ್ಲ, ತಗ್ಗಿನ ಕುರ್ಚೀಲೂ ಕೂರಬಾರದು ಅಂತ. ನನ್ನ ಗಂಡ ಪ್ರಸಾದ್ ಸಮಾಧಾನದ ಉಸಿರು ಬಿಟ್ಟರು. ನಾನು ಮಾತ್ರ ಅತ್ತೆಯ ಮುಖ ನೋಡಿದೆ. ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಸುತ್ತಿಕೊಳ್ಳುತ್ತಿದ್ದರು.

ಯಾಕೆಂದರೆ ನಮ್ಮ ಅತ್ತೆ ಲಲಿತಮ್ಮನವರು ಹುಟ್ಟಿದಾಗಿನಿಂದ ನೆಲದ ಮೇಲೆ ಕೂತೇ ಊಟ ಮಾಡಿದವರು. ಹನುಮಂತನಗರದ ಮನೆಯಲ್ಲಿದ್ದಾಗಲೂ ಹಾಗೆಯೇ, ಜಯನಗರದ ಈ ಫ್ಲ್ಯಾಟಿಗೆ ಬಂದ ಮೇಲೂ ಹಾಗೆಯೇ. ಅವರದೊಂದು ಮಣೆ ಇತ್ತು. ಹಲಸಿನ ಮರದ್ದು, ನಾಲ್ಕು ಮೂಲೆಗೂ ಹಿತ್ತಾಳೆಯ ಸಣ್ಣ ಹೂವು. ಅಡುಗೆಮನೆಯ ಬಾಗಿಲ ಪಕ್ಕ ಅದನ್ನು ಹಾಕಿಕೊಂಡು, ಎದುರಿಗೆ ತಟ್ಟೆ ಇಟ್ಟುಕೊಂಡು, ನೆಟ್ಟಗೆ ಕೂತು ಉಣ್ಣುತ್ತಿದ್ದರು. ನನ್ನ ಅಪ್ಪ ಮದುವೆಯಲ್ಲಿ ಕೊಟ್ಟಿದ್ದ ತೇಗದ ಊಟದ ಮೇಜು ಪಕ್ಕದಲ್ಲೇ ಇತ್ತು. ಅತ್ತೆ ಒಂದು ದಿನವೂ ಅದರ ಹತ್ತಿರ ಕೂತವರಲ್ಲ. ಅನ್ನ, ಸಾರು ತಗುಲಿದ ಜಾಗವೆಲ್ಲ ಅವರಿಗೆ ಮುಸುರೆ. ನೆಲವಾದರೆ ಊಟವಾದ ಕೂಡಲೇ ನೀರು ಹಾಕಿ ಒರೆಸಿ ಶುದ್ಧ ಮಾಡಬಹುದು, ಮರದ ಮೇಜಿಗೆ ಏನು ಮಾಡುತ್ತೀಯ ಎನ್ನುವುದು ಅವರ ವಾದ. ನಾವು ಮೂವರು, ನಾನು, ಪ್ರಸಾದ್, ಆಗಿನ್ನೂ ಹಾಸ್ಟೆಲಿಗೆ ಹೋಗಿರದ ನಮ್ಮ ಮಗಳು, ಮೇಲೆ ಕೂತು ಉಣ್ಣುವಾಗ ಅವರು ಕೆಳಗಿನಿಂದ ನಮ್ಮ ಕಾಲುಗಳ ಜೊತೆ ಮಾತಾಡುತ್ತಿದ್ದರು.

ಮೇಜಿಗೆ ಅವರ ಲೆಕ್ಕದಲ್ಲಿ ಮೂರು ಕೆಲಸ: ತರಕಾರಿ ಇಡುವುದು, ಪೇಪರ್ ಇಡುವುದು, ಮತ್ತು ನವರಾತ್ರಿಯಲ್ಲಿ ಗೊಂಬೆ ಕೂರಿಸುವುದು. ಮಾವನವರು ಹೋದ ಮೇಲೂ ಅವರು ಗೊಂಬೆ ನಿಲ್ಲಿಸಿರಲಿಲ್ಲ. ಮಹಾಲಯ ಅಮಾವಾಸ್ಯೆ ಕಳೆಯುವುದೇ ತಡ, ಕುರ್ಚಿಗಳೆಲ್ಲ ಬಾಲ್ಕನಿಗೆ, ಮೇಜು ಗೋಡೆಗೆ, ಅದರ ಮೇಲೆ ಹಲಗೆ, ಡಬ್ಬ, ಮತ್ತೆ ಹಲಗೆ. ಕೆಂಪು ಬಟ್ಟೆ ಹೊದಿಸಿದ ಮೇಲೆ ಅದು ಮೇಜು ಎಂದು ಯಾರೂ ಹೇಳುವಂತಿರಲಿಲ್ಲ. ನವರಾತ್ರಿಯ ಅಷ್ಟೂ ದಿನ ನಾವೆಲ್ಲ ನೆಲದ ಮೇಲೇ. ಹಾಗಾಗಿ ನವರಾತ್ರಿಯಲ್ಲಿ ಯಾರನ್ನೂ ಮೇಜಿನ ಊಟಕ್ಕೆ ಕರೆಯುವ ಪ್ರಶ್ನೆಯೇ ನನ್ನ ಸಂಸಾರದಲ್ಲಿ ಬಂದಿರಲಿಲ್ಲ.

ಬಿದ್ದ ಮೇಲೆ ಅತ್ತೆ ಊಟವನ್ನು ತಮ್ಮ ರೂಮಿನಲ್ಲೇ ಮಾಡತೊಡಗಿದರು. ಎತ್ತರದ ಕುರ್ಚಿ, ಎದುರಿಗೆ ಸ್ಟೂಲು, ಸ್ಟೂಲಿನ ಮೇಲೆ ತಟ್ಟೆ, ಮುಖ ಗೋಡೆಗೆ. ಬಡಿಸಿದ ಮೇಲೆ ನನ್ನನ್ನು ಹೊರಗೆ ಕಳಿಸಿ, ಬಾಗಿಲು ಮುಂದಕ್ಕೆ ಮಾಡು ಎನ್ನುತ್ತಿದ್ದರು. ತಪ್ಪು ಮಾಡಿದ ಮಗುವನ್ನು ಮೂಲೆಗೆ ತಿರುಗಿಸಿ ಕೂರಿಸಿದ ಹಾಗೆ ಕಾಣುತ್ತಿತ್ತು ನನಗೆ. ತಟ್ಟೆ ವಾಪಸು ಬಂದಾಗ ಹುಳಿ ಹಾಗೇ ಇರುತ್ತಿತ್ತು, ಅನ್ನದಲ್ಲಿ ಬೆರಳಾಡಿಸಿದ ಗೆರೆ ಮಾತ್ರ. ಸೀರೆಯ ಕುಪ್ಪಸಗಳ ತೋಳು ಸಡಿಲವಾಗತೊಡಗಿತು.

ಗೆಳತಿಯರನ್ನೂ ಅವರು ಬಿಟ್ಟರು. ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಅವರದೊಂದು ಗುಂಪಿತ್ತು. ಬನಶಂಕರಿ ಕಡೆಯಿಂದ ಆಟೋದಲ್ಲಿ ಬರುವ, ದಪ್ಪಗೆ ನಗುನಗುತ್ತಿರುವ ಪದ್ಮಾ ಆಂಟಿ. ಕಿವಿ ಮಂದವಾದ, ಎಲ್ಲದಕ್ಕೂ ತಲೆದೂಗುವ ಸರೋಜಾ ಆಂಟಿ. ರಿಟೈರ್ ಆದ ಮೇಲೂ ಎಲ್ಲರೂ ಟೀಚರ್ ಎಂದೇ ಕರೆಯುವ ಕಮಲಾ ಟೀಚರ್. ಯಾರ ಮನೆಯ ನಾಮಕರಣವಿರಲಿ, ವ್ರತವಿರಲಿ, ನಾಲ್ವರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂರುತ್ತಿದ್ದರು, ಈಚೆಗೆ ಮಾತ್ರ ಒಬ್ಬರಲ್ಲ ಒಬ್ಬರಿಗೆ ಬೇರೆ ಕೆಲಸ ಬಂದುಬಿಡುತ್ತಿತ್ತು. ಈಗ ಅವರು ಫೋನ್ ಮಾಡಿದರೆ ಅತ್ತೆಗೆ ನಿದ್ದೆ. ಬಾಗಿಲಿಗೆ ಬಂದರೂ ನಿದ್ದೆ. ವಾಕರ್ ಹಿಡಿದು ನಡೆಯುವುದನ್ನು, ಸ್ಟೂಲಿನ ಮೇಲೆ ಉಣ್ಣುವುದನ್ನು ಅವರು ನೋಡಬಾರದು, ಅಷ್ಟೇ. ಒಂದು ದಿನ ನಾನು ಒತ್ತಾಯ ಮಾಡಿದಾಗ ಅತ್ತೆ ಸಣ್ಣ ದನಿಯಲ್ಲಿ ಹೇಳಿದರು, "ಎಲ್ಲರ ಮನೇಲೂ ಟೇಬಲ್ ಊಟ ನೋಡಿ ಮೂಗು ಮುರಿದೋಳು ಕಣೇ ನಾನು. ಈಗ ಯಾವ ಮುಖ ಇಟ್ಕೊಂಡು ಅವರ ಮುಂದೆ ಕೂರ್ಲಿ?"

ಫಿಸಿಯೋಥೆರಪಿ ಮಾಡಿಸಲು ಬರುತ್ತಿದ್ದ ಹುಡುಗಿಯೂ ಸೋತಿದ್ದಳು. ವಾಕರ್ ಬಿಟ್ಟು, ಗೋಡೆ, ಕಟ್ಟೆ ಏನಾದರೂ ಹಿಡಿದು ಪಕ್ಕಕ್ಕೆ ಹೆಜ್ಜೆ ಇಡಿ ಅಜ್ಜಿ ಎಂದು ಅವಳು ವಾರಗಟ್ಟಲೆ ಗೋಗರೆದಳು. ಆಗಲ್ಲಮ್ಮ ಎಂದು ಅತ್ತೆ ಮಂಚದ ಮೇಲೆ ಕೂತುಬಿಡುತ್ತಿದ್ದರು. ಆಗುತ್ತೆ, ಆದರೆ ಅವರಿಗೆ ಬೇಕಾಗಿಲ್ಲ ಎಂದು ಹುಡುಗಿ ಲಿಫ್ಟಿನ ಹತ್ತಿರ ನನಗೆ ಹೇಳಿ ಹೋದಳು. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಭಾದ್ರಪದ ಪೂರ್ತಿ ಮಳೆ. ಅಮಾವಾಸ್ಯೆ ಕಳೆದ ಮೇಲೆ ಆಕಾಶ ತೊಳೆದಿಟ್ಟ ಹಾಗಾಯಿತು. ಬೆಂಗಳೂರಿನ ಆ ದಿನಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಿಸಿಲಿದೆ ಆದರೆ ಚುಚ್ಚುವುದಿಲ್ಲ, ಬೆಳಿಗ್ಗೆ ಹೂವಿನ ಅಂಗಡಿಯ ಸೇವಂತಿಗೆ ರಾಶಿಯ ಮೇಲೆ ಇನ್ನೂ ಇಬ್ಬನಿ ಇರುತ್ತದೆ. ಅತ್ತೆ ಕಿಟಕಿಯಿಂದ ನೋಡಿ, ಈ ಸಲ ಗೊಂಬೆ ಬೇಡ ಎಂದರು. ಪಟ್ಟದ ಗೊಂಬೆಗಳಾದ ಚಂದನದ ರಾಜ ರಾಣಿಯನ್ನು ದೇವರ ಮನೆಯಲ್ಲಿ ಇಟ್ಟು ಹೂವು ಏರಿಸಿದರೆ ಸಾಕು. ನಾನು ಕೂರಿಸುತ್ತೇನೆ ಎಂದೆ. ನನ್ನ ಗೊಂಬೆ, ನಾನು ಕೂರಿಸದೆ ಇನ್ನೊಬ್ಬರು ಕೂರಿಸಬೇಕಾಗಿಲ್ಲ ಎಂದರು. ಅದರ ಮೇಲೆ ಮಾತಿಲ್ಲ.

ಹೀಗಾಗಿ ಪಾಡ್ಯದ ದಿನ ಮೊದಲ ಬಾರಿಗೆ ನಮ್ಮ ಊಟದ ಮೇಜು ನವರಾತ್ರಿಯಲ್ಲಿ ಖಾಲಿ ನಿಂತಿತ್ತು. ಕಾಫಿ ಹಿಡಿದು ಅದರ ಎದುರು ಕೂತಿದ್ದ ನನಗೆ ನಮ್ಮ ಕಾನ್ವೆಂಟಿನ ಹೋಮ್ ಸೈನ್ಸ್ ಸಿಸ್ಟರ್ ನೆನಪಾದರು. ಮೇಜು ಸಿಂಗರಿಸುವುದನ್ನು ಅವರು ಪ್ರಾರ್ಥನೆಯ ಶ್ರದ್ಧೆಯಿಂದ ಕಲಿಸುತ್ತಿದ್ದರು. ನ್ಯಾಪ್ಕಿನ್ ಮಡಿಸುವುದು, ಲೋಟದ ಅಂಚು ಬೆಳಕಿಗೆ ಹಿಡಿದು ನೋಡುವುದು, ಎಲ್ಲ. ಅವರ ಒಂದು ಮಾತು ಮಾತ್ರ ನನ್ನಲ್ಲಿ ಉಳಿದಿದೆ: ಮೇಜಿನ ನಡುವೆ ಎಷ್ಟು ಹೂವಾದರೂ ಇಡಿ, ಎದುರಿಗೆ ಕೂತವರ ಮುಖ ಮುಚ್ಚುವಂತೆ ಇಡಬೇಡಿ. ಅಷ್ಟು ಕಲಿತು ಬಂದ ನಾನು ಈ ಮೇಜಿನ ಮೇಲೆ ಇಷ್ಟು ವರ್ಷ ಇಟ್ಟದ್ದು ಉಪ್ಪಿನಕಾಯಿ ಜಾಡಿ ಮತ್ತು ಕರೆಂಟ್ ಬಿಲ್ಲು.

ಅವತ್ತೇ ಪದ್ಮಾ ಆಂಟಿಗೆ ಫೋನ್ ಮಾಡಿ ವಿಜಯದಶಮಿಯ ಊಟಕ್ಕೆ ಕರೆದೆ. ಅವರು ಖುಷಿಪಟ್ಟರು, ಆಮೇಲೆ ತಡವರಿಸಿದರು. ಊಟ ಎಲ್ಲ ಬೇಡಮ್ಮ, ಸುಮ್ಮನೆ ಬಂದು ಲಲಿತನ್ನ ನೋಡ್ಕೊಂಡು ಹೋಗ್ತೀವಿ ಎಂದರು. ಕಮಲಾ ಟೀಚರಿಗೂ ಅವತ್ತು ಬೇರೆ ಕೆಲಸವಿತ್ತು. ಸರೋಜಾ ಆಂಟಿಯ ಸೊಸೆ ಫೋನ್ ತೆಗೆದುಕೊಂಡು, ಅಮ್ಮ ಈಚೆಗೆ ಎಲ್ಲೂ ಊಟಕ್ಕೆ ಹೋಗಲ್ಲ ಎಂದಳು. ನನಗೆ ವಿಚಿತ್ರವೆನಿಸಿತು. ಮತ್ತೆ ಪದ್ಮಾ ಆಂಟಿಗೇ ಮಾಡಿ, ಟೇಬಲ್ ಮೇಲೆ ಬಡಿಸೋಣ ಅಂತಿದೀನಿ ಆಂಟಿ ಎಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ.

"ಟೇಬಲ್ಲಾ? ಲಲಿತಾ ಮನೇಲಾ? ಒಪ್ಪಿದಾಳಾ ಅವಳು?"

"ಒಪ್ತಾರೆ ಆಂಟಿ" ಎಂದೆ. ಒಪ್ಪಿದ್ದಾರೆ ಎನ್ನಲಿಲ್ಲ. ಅರ್ಧ ಗಂಟೆಯೊಳಗೆ ಮೂವರಿಂದಲೂ ಊಟಕ್ಕೆ ಬರುತ್ತೇವೆ ಎಂಬ ಉತ್ತರ ಬಂತು. ಯಾಕೆ ಎಂದು ಆಗ ನನಗೆ ಹೊಳೆಯಲಿಲ್ಲ.

ಅತ್ತೆಗೆ ಹೇಳಿದಾಗ ಅವರು ಬೇಡ ಎನ್ನಲಿಲ್ಲ. "ಕರಿ. ಚೆನ್ನಾಗಿ ಬಡಿಸಿ ಕಳಿಸು. ನಾನು ಒಳಗೇ ಇರ್ತೀನಿ. ಮಾತ್ರೆ ತಗೊಂಡು ಮಲಗಿದಾರೆ ಅಂತ ಹೇಳು." ಪ್ರಸಾದ್ ಅವತ್ತು ರಾತ್ರಿ ಊಟಕ್ಕೆ ಕೂತಾಗ, ನೀನು ಸುಮ್ಮನೆ ಆಸೆ ಇಟ್ಕೋಬೇಡ, ಅಮ್ಮ ಬರಲ್ಲ ಎಂದರು. ಬೇಸರದಿಂದಲ್ಲ, ನನಗೆ ನೋವಾಗಬಾರದೆಂದು. ನಾನು ಅವರ ತಟ್ಟೆಗೆ ಮಜ್ಜಿಗೆ ಬಡಿಸಿದೆ. ಸೌಮ್ಯ ಸ್ವಭಾವದವಳು ಎಂದು ನನ್ನನ್ನು ಎಲ್ಲರೂ ಹೊಗಳುತ್ತಾರೆ. ಸೌಮ್ಯವಾಗಿದ್ದುಕೊಂಡೇ ಹಟ ಹಿಡಿಯಬಹುದು ಎನ್ನುವುದು ಹೆಚ್ಚು ಜನಕ್ಕೆ ಗೊತ್ತಿಲ್ಲ.

ಆಯುಧಪೂಜೆಯ ದಿನ ಬೀದಿ ಬೀದಿಯಲ್ಲಿ ಬೂದುಗುಂಬಳಕಾಯಿ ರಾಶಿ. ಆಟೋಗಳಿಗೆಲ್ಲ ಬಾಳೆಕಂದು, ಮೂತಿಗೆ ಅರಿಶಿನ ಕುಂಕುಮ. ಪ್ರಸಾದ್ ಸ್ಕೂಟರಿಗೆ ಪೂಜೆ ಮಾಡಿ ಕಾಯಿ ಒಡೆಯುವಷ್ಟರಲ್ಲಿ ನಾನು ಅತ್ತೆಯ ಮಂಚದ ಕೆಳಗಿನಿಂದ ಗೊಂಬೆಯ ಟ್ರಂಕು ಎಳೆದೆ. ನುಸಿಗುಳಿಗೆ ಮತ್ತು ಹಳೇ ಹತ್ತಿ ಸೀರೆಯ ವಾಸನೆ ರೂಮು ತುಂಬಿತು. ಅತ್ತೆ ಮಂಚದ ಮೇಲಿಂದ ನೋಡಿದರು.

"ಗೊಂಬೆ ಬೇಡ ಅಂದಿದ್ನಲ್ಲ."

"ಕೂರಿಸಲ್ಲ ಅತ್ತೆ. ಜಂಬೂ ಸವಾರಿ ಒಂದು ತಗೋತೀನಿ, ನಾಳೆ ಟೇಬಲ್ ನಡುವೆ ಇಡೋಕೆ."

"ಎಂಜಲೆಲೆ ಪಕ್ಕ ಅಂಬಾರಿ ನಿಲ್ಲಿಸ್ತೀಯಾ?"

ಅತ್ತೆ ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಅವರ ಅಪ್ಪ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು, ಕೈಗೆ ಕಡಲೆಕಾಯಿ ಪೊಟ್ಟಣ ಕೊಟ್ಟು ಮೆರವಣಿಗೆ ತೋರಿಸುತ್ತಿದ್ದ ಕತೆಯನ್ನು ನಾನು ಎಷ್ಟೋ ಸಲ ಕೇಳಿದ್ದೆ. "ಆನೆ ಹತ್ರ ಬಂದಾಗ ನೀವು ಕಡಲೆಕಾಯಿ ಬಿಸಾಕ್ತಿದ್ರಾ ಅತ್ತೆ?" ಎಂದು ಕೇಳಿದೆ.

ಅತ್ತೆ ನನ್ನನ್ನು ಒಂದು ಕ್ಷಣ ದಿಟ್ಟಿಸಿದರು. ತುಟಿಯ ಮೂಲೆ ಸ್ವಲ್ಪ ಅಲುಗಿತು. "ಸೊಂಡಿಲು ಜೋಪಾನ. ಒಂದು ಸಲ ಅಂಟಿಸಿದ್ದು" ಎಂದು ಗೋಡೆಯ ಕಡೆ ತಿರುಗಿದರು. ಅಷ್ಟು ತಿಂಗಳಲ್ಲಿ ಅವರ ಬಾಯಿಂದ ಬಂದ ಮೊದಲ ಅಪ್ಪಣೆ ಅದು.

ವಿಜಯದಶಮಿಯ ಬೆಳಿಗ್ಗೆ ಬೇಗ ಅಡುಗೆ ಮುಗಿಸಿದೆ. ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಆಂಬೊಡೆ, ನಿಂಬೆಹಣ್ಣಿನ ಚಿತ್ರಾನ್ನ, ಬೂದುಗುಂಬಳಕಾಯಿ ಮಜ್ಜಿಗೆಹುಳಿ, ತಿಳಿಸಾರು, ಅತ್ತೆಗೆ ಪ್ರಾಣವಾದ ಗಸಗಸೆ ಪಾಯಸ. ಆಮೇಲೆ ಮೇಜಿಗೆ ಬಂದೆ. ಮೊದಲು ಅರಿಶಿನದ ನೀರಿನಲ್ಲಿ ಒರೆಸಿದೆ. ತೇಗ ಒದ್ದೆಯಾದಾಗ ಅದರ ಗೆರೆಗಳು ಹೊಳೆದವು. ಅಕ್ಕಿಹಿಟ್ಟು ಕಲಸಿ, ಅಂಚಿನುದ್ದಕ್ಕೂ ಬೆರಳಿನಿಂದ ಎಳೆ ಎಳೆದೆ, ಒಂದೊಂದು ಎಲೆಯ ಜಾಗಕ್ಕೂ ಚಿಕ್ಕ ರಂಗೋಲಿ. ನಡುವೆ ಗೊಂಬೆಯ ಮೆಟ್ಟಿಲಿಗೆ ಹೊದಿಸುವ ಕೆಂಪು ಬಟ್ಟೆಯನ್ನು ಉದ್ದಕ್ಕೆ ಮಡಿಸಿ ಹಾಸಿದೆ. ಅದು ರಾಜಬೀದಿ. ಅದರ ಮೇಲೆ ಮೆರವಣಿಗೆ: ಮುಂದೆ ನಿಶಾನೆ ಹಿಡಿದವರು, ಕುದುರೆಗಳು, ಕೆಂಪು ಕೋಟಿನ ಬ್ಯಾಂಡಿನವರು, ಒಂಟೆ, ಕೊನೆಗೆ ಅಂಬಾರಿ ಹೊತ್ತ ಆನೆ. ಬೀದಿಯ ಎರಡೂ ಅಂಚಿಗೆ ಹಳದಿ ಸೇವಂತಿಗೆ, ನಡುನಡುವೆ ಮಾವಿನೆಲೆ. ಕೂತು ನೋಡಿದೆ. ಅಂಬಾರಿಯ ತುದಿಯೂ ಎದುರಿನವರ ಗಲ್ಲಕ್ಕಿಂತ ಕೆಳಗೇ ಇತ್ತು. ಸಿಸ್ಟರ್ ಒಪ್ಪುತ್ತಿದ್ದರು.

ಮೆರವಣಿಗೆ ಕಿಟಕಿಯ ಕಡೆ ಹೊರಟಿತ್ತು. ಆ ತುದಿಗೆ ಒಂದು ಕುರ್ಚಿ ಇಟ್ಟೆ, ಕೈ ಇರುವ ಕುರ್ಚಿ. ಅದರ ಮೇಲೆ ಅಡುಗೆಮನೆಯ ಗೋಡೆಗೆ ಒರಗಿಸಿಟ್ಟಿದ್ದ ಅತ್ತೆಯ ಮಣೆ ತಂದು ಇಟ್ಟೆ. ಮಣೆಯ ಕಾಲು ಕುರ್ಚಿಯ ಚೌಕಟ್ಟಿನೊಳಗೆ ಅಳತೆ ತೆಗೆದ ಹಾಗೆ ಕೂತಿತು. ಕುರ್ಚಿ ಡಾಕ್ಟರು ಹೇಳಿದಷ್ಟು ಎತ್ತರವೂ ಆಯಿತು. ಪ್ರಸಾದ್ ಲೋಟಗಳನ್ನು ಜೋಡಿಸುತ್ತಿದ್ದವರು ಅದನ್ನು ನೋಡಿ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಹೋಗಿ ಮಣೆಯ ಹಿತ್ತಾಳೆ ಹೂವನ್ನು ತಮ್ಮ ಪಂಚೆಯ ತುದಿಯಲ್ಲಿ ಒರೆಸಿದರು.

ಕೊನೆಗೆ ಎಲೆ. ಇಲ್ಲಿ ನಾನು ಮೈಮರೆತೆ. ಮೆರವಣಿಗೆ ಕಿಟಕಿಯ ಕಡೆ ಹೊರಟಿದೆ, ಎಲೆಗಳ ತುದಿಯೂ ಬಾವುಟದ ಹಾಗೆ ಅತ್ತಲೇ ನೋಡಿದರೆ ಎಷ್ಟು ಚೆಂದ ಎನಿಸಿತು. ಎರಡೂ ಬದಿಯ ಎಲೆಗಳನ್ನು ಒಂದೇ ದಿಕ್ಕಿಗೆ ತುದಿ ಮಾಡಿ ಹಾಸಿದೆ. ದೂರ ನಿಂತು ನೋಡಿದೆ. ಇಡೀ ಮೇಜು ಕಿಟಕಿಯ ಬೆಳಕಿನ ಕಡೆಗೆ ನಡೆದು ಹೋಗುತ್ತಿರುವ ಹಾಗೆ ಇತ್ತು. ಇಷ್ಟು ವರ್ಷಕ್ಕೆ ನಾನು ಏನೋ ಒಂದನ್ನು ಪೂರ್ತಿಯಾಗಿ ಮಾಡಿದ್ದೇನೆ ಅನ್ನಿಸಿತು.

ಗೆಳತಿಯರು ಬಂದರು. ರೇಷ್ಮೆ ಸೀರೆ, ಕೈಯಲ್ಲಿ ಬನ್ನಿ ಎಲೆ. ಮೇಜು ನೋಡಿ ಮೂವರೂ ಬಾಗಿಲಲ್ಲೇ ನಿಂತುಬಿಟ್ಟರು. ಸರೋಜಾ ಆಂಟಿ ಬಗ್ಗಿ ಬ್ಯಾಂಡಿನವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಲಲಿತಾ ಎಲ್ಲಿ ಎಂದಾಗ, ನಾನು ಮಾತ್ರೆಯ ಸುಳ್ಳು ಹೇಳಲಾರದೆ, ಒಳಗಿದಾರೆ ಆಂಟಿ, ಹೊರಗೆ ಬರೋಕೆ ಸಂಕೋಚ ಎಂದುಬಿಟ್ಟೆ. ಪದ್ಮಾ ಆಂಟಿ ಅತ್ತೆಯ ರೂಮಿನ ಕಡೆ ನೋಡಿದರು. ಬಾಗಿಲು ಬೆರಳು ಅಗಲದಷ್ಟು ತೆರೆದಿತ್ತು.

ಕಮಲಾ ಟೀಚರ್ ಮತ್ತು ಪ್ರಸಾದ್ ಒಂದು ಬದಿಗೆ ಕೂತರು. ಎದುರು ಬದಿಗೆ ಪದ್ಮಾ ಆಂಟಿ ಮತ್ತು ಸರೋಜಾ ಆಂಟಿ. ಪದ್ಮಾ ಆಂಟಿ ತಮ್ಮ ಎಲೆ ನೋಡಿದರು. ಟೀಚರನ್ನು ನೋಡಿದರು. ಟೀಚರ್ ಎರಡು ಎಲೆಗಳನ್ನೂ ನೋಡಿ, ಕೆಮ್ಮಿ, ಅಂಬಾರಿ ಬಹಳ ಚೆನ್ನಾಗಿದೆ ಎಂದರು. ಏನೋ ತಪ್ಪಾಗಿದೆ ಎಂದು ನನಗೆ ಗೊತ್ತಾಯಿತು. ಏನೆಂದು ಮಾತ್ರ ತಿಳಿಯಲಿಲ್ಲ. ಉಪ್ಪಿನ ಬಟ್ಟಲು ಹಿಡಿದು ಬಡಿಸಲು ಬಗ್ಗಿದೆ.

"ಯಾರ ತಿಥಿನೇ ಇವತ್ತು?"

ರೂಮಿನ ಬಾಗಿಲು ಪೂರ್ತಿ ತೆರೆದಿತ್ತು. ಅತ್ತೆ ವಾಕರ್ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ತಲೆ ಬಾಚಿದ್ದರು. ಹಸಿರು ಮೈಸೂರು ಸಿಲ್ಕು ಉಟ್ಟಿದ್ದರು. ಮಲಗಿರುವವರು ಯಾಕೆ ಸಿಲ್ಕು ಉಟ್ಟಿದ್ದರು ಎಂದು ನಾನು ಆಮೇಲೂ ಕೇಳಲಿಲ್ಲ.

"ಕುಡಿ ಉಣ್ಣೋರ ಎಡಕ್ಕೆ ಬರಬೇಕು ಅಂತ ಗೊತ್ತಿಲ್ವಾ ನಿನಗೆ? ಬಲಕ್ಕೆ ಹಾಕೋದು ತಿಥಿ ಊಟಕ್ಕೆ. ಈ ಪದ್ಮಾ ನೋಡ್ಕೊಂಡು ಸುಮ್ಮನೆ ಕೂತಿದಾಳೆ."

ಆಗ ಹೊಳೆಯಿತು. ನೆಲದ ಮೇಲೆ ಎಲ್ಲರೂ ಒಂದೇ ಸಾಲಿಗೆ ಕೂರುತ್ತಾರೆ, ಎಲ್ಲರ ಎಡವೂ ಒಂದೇ ಕಡೆ. ಮೇಜಿಗೆ ಎರಡು ಬದಿ. ಒಂದು ಬದಿಯವರ ಎಡ ಇನ್ನೊಂದು ಬದಿಯವರಿಗೆ ಬಲ. ನನ್ನ ಬಾವುಟಗಳ ಅರ್ಧ ಹಬ್ಬಕ್ಕೆ ಹಾರುತ್ತಿತ್ತು, ಅರ್ಧ ತಿಥಿಗೆ.

ಉಪ್ಪಿನ ಬಟ್ಟಲು ಇಟ್ಟು ಎಲೆಗೆ ಕೈ ಹಾಕಿದೆ. "ನೀನು ಬಿಡು, ಹರಿದು ಹಾಕ್ತೀಯ" ಎಂದು ಅತ್ತೆ ಬಂದೇಬಿಟ್ಟರು. ವಾಕರ್ ಮೇಜಿನ ಮೂಲೆಗೆ ತಾಗಿತು. ಅದು ಕುರ್ಚಿಗಳ ಹಿಂದೆ ನುಗ್ಗುವಂತಿರಲಿಲ್ಲ. ಅತ್ತೆ ಅದನ್ನು ಅಲ್ಲೇ ಬಿಟ್ಟರು. ಒಂದು ಕೈ ಮೇಜಿನ ಅಂಚಿಗೆ ಊರಿದರು, ಇನ್ನೊಂದು ಕೈಯಿಂದ ಪದ್ಮಾ ಆಂಟಿಯ ಎಲೆಯನ್ನು ಮೆಲ್ಲನೆ ಎತ್ತಿ ತಿರುಗಿಸಿದರು. ಪಕ್ಕಕ್ಕೆ ಒಂದು ಹೆಜ್ಜೆ. ಮತ್ತೆ ಒಂದು. ಸರೋಜಾ ಆಂಟಿ ಹಿಂದಕ್ಕೆ ಬಾಗಿ ದಾರಿ ಬಿಟ್ಟರು, ಅವರ ಎಲೆಯೂ ತಿರುಗಿತು. ಪ್ರಸಾದ್ ಎದ್ದು ನಿಂತಿದ್ದರು, ಕೈ ಮುಂದಕ್ಕೆ ಚಾಚಿ. ನಾನು ತಲೆಯಾಡಿಸಿ ಬೇಡವೆಂದೆ. ವಾರಗಟ್ಟಲೆ ಆ ಹುಡುಗಿ ಬೇಡಿಕೊಂಡಿದ್ದು ಇದನ್ನೇ. ಈಗ ಅತ್ತೆಗೆ ಬೇಕಾಗಿತ್ತು.

ಮೇಜಿನ ಅಂಚು ಹಿಡಿದು ಅವರು ಕಿಟಕಿಯ ತುದಿಗೆ ಬಂದರು. ಅಲ್ಲಿ ಮಣೆ ಕಂಡಿತು.

ಅತ್ತೆ ಅಂಗೈಯಿಂದ ಮಣೆಯನ್ನು ಒತ್ತಿ ನೋಡಿದರು. ಹಿತ್ತಾಳೆ ಹೂವಿನ ಮೇಲೆ ಹೆಬ್ಬೆರಳಾಡಿಸಿದರು. "ಅಲ್ಲಾಡತ್ತೆ" ಎಂದರು. ಪ್ರಸಾದ್ ಓಡಿ ಹೋಗಿ ಪೇಪರ್ ಮಡಿಸಿ ತಂದು ಒಂದು ಮೂಲೆಗೆ ಸಿಕ್ಕಿಸಿದರು. ಅತ್ತೆ ಮತ್ತೆ ಒತ್ತಿ ನೋಡಿದರು. ಆಮೇಲೆ ಕುರ್ಚಿಯ ಕೈಗಳನ್ನು ಹಿಡಿದು, ಸೀರೆಯ ನೆರಿಗೆ ಸರಿ ಮಾಡಿಕೊಂಡು, ತಮ್ಮ ಮಣೆಯ ಮೇಲೆ ನೆಟ್ಟಗೆ ಕೂತರು. ಎದುರಿಗೆ ಇಡೀ ಮೆರವಣಿಗೆ ಅವರ ಕಡೆಗೇ ಬರುತ್ತಿತ್ತು.

"ಏನು ನೋಡ್ತಾ ನಿಂತಿದೀಯ? ಉಪ್ಪು ಬಡಿಸು" ಎಂದರು.

ಉಪ್ಪು, ಕೋಸಂಬರಿ, ಪಲ್ಯ, ಒಂದೊಂದೂ ತನ್ನ ಜಾಗಕ್ಕೆ ಬಂದು ಕೂತಿತು. ಬಿಸಿ ಅನ್ನ ಬಿದ್ದು ಎಲೆ ಬಾಡಿದಾಗ ಆ ಹಸಿರು ವಾಸನೆ ಎದ್ದಿತು. ಮೊದಲ ತುತ್ತಾದ ಮೇಲೆ ಮಾತು ತೆಗೆದವರು ಪದ್ಮಾ ಆಂಟಿ.

"ಒಂದು ಮಾತು ಹೇಳ್ತೀನಿ ಲಲಿತಾ, ಬೈಬೇಡ. ನಾನು ನೆಲದ ಮೇಲೆ ಕೂತು ವರ್ಷದ ಮೇಲಾಯ್ತು. ಮಂಡಿ ಮಡಿಸೋಕಾಗಲ್ಲ. ಮನೇಲಿ ಟೇಬಲ್ ಮೇಲೇ ಉಣ್ಣೋದು."

ಅತ್ತೆಯ ಕೈ ನಿಂತಿತು. "ಮತ್ತೆ ನನ್ನ ಹತ್ರ ಯಾಕೆ ಹೇಳ್ಲಿಲ್ಲ?" ಎಂದರು.

"ನಿನ್ನ ಹತ್ರಾನಾ? ಆ ಗೃಹಪ್ರವೇಶದಲ್ಲಿ ಟೇಬಲ್ ಹಾಕಿಸಿದ್ರು ಅಂತ ಒಂದು ಚಾತುರ್ಮಾಸ ಪೂರ್ತಿ ಆಡ್ಕೊಂಡೆ. ನಿನ್ನ ಬಾಯಿಗೆ ಹೆದರಿ ಊಟದ ಮನೆಗಳಿಗೇ ಹೋಗೋದು ಬಿಟ್ಟೆ ಕಣೇ."

ಕಮಲಾ ಟೀಚರ್ ಎಲೆಯಿಂದ ತಲೆ ಎತ್ತದೆ, ತಮ್ಮದೂ ಅದೇ ಕತೆ ಎಂದರು. ಬೆನ್ನು ನೋವು ಶುರುವಾದಾಗಿನಿಂದ ಅಡುಗೆಮನೆ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ನಿಂತೇ ಉಣ್ಣುತ್ತಾರಂತೆ. ಆಗ ನನಗೆ ಆ ಫೋನಿನ ಮೌನ ಅರ್ಥವಾಯಿತು. ನಾಲ್ಕು ಮನೆಗಳಲ್ಲಿ ನಾಲ್ವರು, ಒಬ್ಬರಿಗೊಬ್ಬರು ತಿಳಿಯದಂತೆ, ಕದ್ದು ಉಣ್ಣುತ್ತಿದ್ದರು. ಏನು ನಡೆಯುತ್ತಿದೆ ಎಂದು ಸರೋಜಾ ಆಂಟಿಗೆ ಪೂರ್ತಿ ಕೇಳಿಸಿರಲಿಲ್ಲ. ಪದ್ಮಾ ಆಂಟಿ ಅವರ ಕಿವಿಯ ಹತ್ತಿರ ಬಾಗಿ ಜೋರಾಗಿ ಕೇಳಿದರು, ನೀನೆಲ್ಲಿ ಉಣ್ತೀಯೇ?

"ಸೋಫಾ ಮೇಲೆ" ಎಂದರು ಸರೋಜಾ ಆಂಟಿ, ಯಾವ ಸಂಕೋಚವೂ ಇಲ್ಲದೆ. "ಟಿವಿ ಮುಂದೆ. ತೊಡೆ ಮೇಲೆ ತಟ್ಟೆ."

ಅತ್ತೆ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಭುಜ ಕುಣಿಯುವಂತೆ. ಕಣ್ಣೊರೆಸಿಕೊಂಡು, "ಎಲ್ಲಾ ಕೆಟ್ಟು ಹೋಗಿದ್ರಿ, ನನಗೊಂದು ಮಾತು ಹೇಳ್ಬಾರ್ದಾ" ಎಂದರು. ಪದ್ಮಾ ಆಂಟಿಯ ನಗುವಿಗೆ ಮೇಜು ಅಲುಗಿ, ಬ್ಯಾಂಡಿನವನೊಬ್ಬ ಸೇವಂತಿಗೆಯ ಮೇಲೆ ಮಗುಚಿ ಬಿದ್ದ. ಟೀಚರ್ ಅವನನ್ನು ಎತ್ತಿ ನಿಲ್ಲಿಸಿ, ಸಾಲಿಗೆ ಸೇರಿಸಿದರು.

ಪಾಯಸ ಬಡಿಸುವಾಗ ಅತ್ತೆ ಕೈ ಅಡ್ಡ ಹಿಡಿಯಲಿಲ್ಲ. ಎರಡನೇ ಸಲ ಬಂದಾಗಲೂ ಹಿಡಿಯಲಿಲ್ಲ. ಎದುರಿನವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದವರು ಪದ್ಮಾ ಆಂಟಿಗೆ ಹೇಳಿದರು, "ಇಷ್ಟು ವರ್ಷ ಪಕ್ಕಪಕ್ಕ ಕೂತು ಉಂಡಿದೀವಿ. ನೀನು ಕಣ್ಣು ಮುಚ್ಕೊಂಡು ಪಾಯಸ ಕುಡೀತೀಯ ಅಂತ ಇವತ್ತೇ ನೋಡಿದ್ದು."

ಬಡಿಸುವ ಸೌಟು ಹಿಡಿದು ನಾನು ಅಡುಗೆಮನೆಗೆ ಹೋದೆ. ಸಾರು ಬಿಸಿ ಮಾಡುವ ನೆವ. ಒಲೆಯ ಮುಂದೆ ನಿಂತು, ಹೊರಗಿನ ನಗುವನ್ನು ಕೇಳುತ್ತ, ಆ ಸೌಟನ್ನು ಪಂದ್ಯದಲ್ಲಿ ಗೆದ್ದ ಕಪ್ಪಿನ ಹಾಗೆ ಒಂದು ಸಲ ಮೇಲೆತ್ತಿದೆ. ಯಾರೂ ನೋಡಲಿಲ್ಲ.

ಸಂಜೆ ಎಲ್ಲರೂ ಬನ್ನಿ ಎಲೆ ಹಂಚಿಕೊಂಡು ಹೋದ ಮೇಲೆ, ಮೆರವಣಿಗೆಯನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದೆ. ದೇವರ ಮನೆಯಲ್ಲಿ ಪಟ್ಟದ ರಾಜನನ್ನು ಮಲಗಿಸಿ ಬಂದ ಅತ್ತೆ ಮೇಜಿನ ಅಂಚು ಹಿಡಿದು ನಿಂತರು. "ಬೇಕಂತಲೇ ಎಲೆ ತಿರುವಿ ಹಾಕಿದ್ದೆ ಅಲ್ವಾ ನೀನು, ನನ್ನನ್ನ ಎಬ್ಬಿಸೋಕೆ?" ಎಂದರು. ಇಲ್ಲ ಅತ್ತೆ, ನಿಜವಾಗಲೂ ಗೊತ್ತಾಗಲಿಲ್ಲ ಎಂದೆ. ಅವರು ನಂಬಲಿಲ್ಲ. ಇವತ್ತಿಗೂ ನಂಬಿಲ್ಲ, ನನ್ನ ಸೊಸೆ ನೋಡೋಕೆ ಪಾಪ, ಒಳಗೆ ಬಲು ಕಿಲಾಡಿ ಎಂದು ಪಾರ್ಕಿನ ತುಂಬ ಹೇಳಿಕೊಂಡಿದ್ದಾರೆ. ನಾನೂ ತಿದ್ದುವುದನ್ನು ಬಿಟ್ಟಿದ್ದೇನೆ.

ಆಮೇಲೆ ಅವರು ಮೇಜನ್ನು ಉದ್ದಕ್ಕೂ ಒಮ್ಮೆ ನೋಡಿ ಹೇಳಿದರು, "ಪ್ರಸಾದನಿಗೆ ಹೇಳು, ಮುಂದಿನ ವರ್ಷಕ್ಕೆ ಗೊಂಬೆ ಕೂರಿಸೋಕೆ ಕಬ್ಬಿಣದ ಮೆಟ್ಟಿಲು ಮಾಡಿಸ್ಲಿ. ಇದು ಸಿಗಲ್ಲ."

ಎಲೆಯವರು ಇನ್ನೂ ಕಾಯುತ್ತಿದ್ದರು. "ಟೇಬಲ್‌ಗೇ" ಎಂದೆ, ಅಗತ್ಯಕ್ಕಿಂತ ಸ್ವಲ್ಪ ಜೋರಾಗಿ. ಅವರು ಕುಡಿ ಎಲೆಗಳನ್ನು ಒಂದೊಂದಾಗಿ ಬಿಡಿಸಿ, ತುದಿ ತೋರಿಸಿ, ಪೇಪರಿನಲ್ಲಿ ಸುತ್ತಿ ಕೊಡುವಷ್ಟರಲ್ಲಿ ಫೋನ್ ಬಂತು. ಅತ್ತೆ.

"ತುದಿ ನೋಡಿ ತಗೊಂಡ್ಯಾ? ಸರಿ, ಬೇಗ ಬಾ. ಪದ್ಮಾ ಆಗಲೇ ಬಂದು ನನ್ನ ಕುರ್ಚೀಲಿ ಕೂತಿದಾಳೆ, ಏಳು ಅಂದ್ರೆ ಏಳ್ತಾ ಇಲ್ಲ."